ನೀ ಕೇಳಿದ ನಾಲ್ಕು ಮಿತವ್ಯಯದ ಅಡುಗೆ

ನ್ಯಾಮತಿ,
ತಾರಣ ಸಂವತ್ಸರದ ಶ್ರಾವಣ,
೨೩-೭-೧೯೪೪

ಗೆಳತಿ ಅಂಜಿನಮ್ಮನಿಗೆ,

ಪತ್ರಿಕೆಯಲ್ಲಿ ನಿನ್ನ ಹೆಸರು ಶ್ರೀಮತಿ ಅಂಜನಾದೇವಿ ಎಂದು ಅಚ್ಚಾಗಿದೆ. ಲಕೋಟೆಯ ಮೇಲೆ ಹಾಗೇ ಬರೆದಿದ್ದೇನೆ, ಬೆಂಗಳೂರಿನ ಟಪಾಲಿನವನಿಗೆ ಗೊಂದಲವಾಗಬಾರದಲ್ಲ. ಒಳಗೆ ಮಾತ್ರ ನೀನು ಚನ್ನಗಿರಿಯ ಪಾಲಣ್ಣ ಮೇಷ್ಟರ ಮಗಳು ಅಂಜಿನಿಯೇ.

ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುವುದು ಎಂದು ಮೊದಲ ಸಾಲಿನಲ್ಲಿ ಇರಬೇಕು. ಇದೆ ಎಂದುಕೊ. ನಿನ್ನ ಯುಗಾದಿಯ ಕಾಗದಕ್ಕೆ ನಾಲ್ಕು ತಿಂಗಳು ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಕೈಗೆ ಬಿಡುವಿರಲಿಲ್ಲ ಎಂದು ನೆಪ ಹೇಳುವುದಿಲ್ಲ. ಎರಡು ಸಲ ಬರೆದೆ, ಎರಡು ಸಲವೂ ಒಲೆಗೆ ಹಾಕಿದೆ. ಅದರಲ್ಲಿದ್ದ ಮಾತು ನಿನ್ನ ಕೈಸೇರಿದ್ದರೆ ನೀನು ಇದನ್ನು ಒಡೆದು ಓದುತ್ತಲೇ ಇರಲಿಲ್ಲ.

ಮಾಘದಲ್ಲಿ ಹೊನ್ನಾಳಿಗೆ ಮದುವೆಗೆ ಬಂದವಳು ಎರಡು ದಿನ ನಮ್ಮ ಮನೆಯಲ್ಲಿ ಉಳಿದು ಹೋದೆ. ಯುಗಾದಿಗೆ ಪತ್ರಿಕೆ ಬಂತು, ಅದರೊಳಗೆ ನಿನ್ನ ಚೀಟಿ: "ಸರ್ವಿ, ನಿನ್ನನ್ನು ನಾಡಿನ ಹೆಣ್ಣುಮಕ್ಕಳಿಗೆಲ್ಲ ಮಾದರಿಯಾಗಿ ನಿಲ್ಲಿಸಿದ್ದೇನೆ. ಸಂಪಾದಕರು ಬಹಳ ಮೆಚ್ಚಿದರು. ಇನ್ನೂ ನಾಲ್ಕು ಮಿತವ್ಯಯದ ಅಡುಗೆ ಬರೆದು ಕಳಿಸು."

ಕಳಿಸುತ್ತೇನೆ, ಬರೆದುಕೊ. ಒಂದು, ನೀನು ಎರಡು ಸಲ ಹಾಕಿಸಿಕೊಂಡು "ಎಷ್ಟು ತಿಳಿಯಾಗೈತೆ!" ಎಂದು ಹೊಗಳಿದ ಸಾರು. ಎರಡು ಹಿಡಿ ಹುರುಳಿಯನ್ನು ಮೊದಲ ದಿನ ಬೇಯಿಸಿ ಕಟ್ಟು ಬಸಿದುಕೊಳ್ಳಬೇಕು. ಎರಡನೆಯ ದಿನ ಅದೇ ಕಾಳಿಗೆ ಮತ್ತೆ ನೀರು ಹಾಕಿ ಬೇಯಿಸಬೇಕು. ಮೂರನೆಯ ದಿನ ಕಾಳನ್ನು ಅರೆದು ಮುದ್ದೆಗೆ ನೆಂಚಿಕೊಳ್ಳಬೇಕು. ನೀನು ಉಂಡದ್ದು ಎರಡನೆಯ ದಿನದ್ದು. ಇನ್ನೊಂದು, ಹುಣಸೆ ಬೀಜ. ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ಮಕ್ಕಳ ಕೈಗೆ ಕೊಡಬೇಕು. ಅಗಿಯಲು ಬಹಳ ಹೊತ್ತು ಬೇಕು, ಅಷ್ಟು ಹೊತ್ತು ಅವು ಊಟ ಕೇಳುವುದಿಲ್ಲ. ಉಳಿದೆರಡು ಬರೆಯಲು ನನಗೆ ಕೈ ಬರುತ್ತಿಲ್ಲ. ನೀನೇ ಊಹಿಸಿ ಬರೆ, ಊಹಿಸಿ ಬರೆಯುವುದು ನಿನಗೆ ಚೆನ್ನಾಗಿ ಒಗ್ಗಿದೆ.

ನಿನ್ನ ಲೇಖನದ ತಲೆಬರಹ "ತುಂಬಿದ ಮನೆಯ ಜಾಣ ಗೃಹಿಣಿ". ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಿಂದ ಶುರು. ನನ್ನ ಊರು, ನನ್ನ ಹೆಸರು, "ಮಂಡಿಯ ಗುಮಾಸ್ತರಾದ ಶ್ರೀ ಷಣ್ಮುಖಪ್ಪನವರು" ಎಂದು ನಾನು ಈ ಹನ್ನೊಂದು ವರ್ಷ ಬಾಯಲ್ಲಿ ಆಡದ ಹೆಸರು, ಎಲ್ಲ ಅಚ್ಚಾಗಿದೆ. ಆಮೇಲೆ ವಾರದ ಊಟದ ಪಟ್ಟಿ. ಸೋಮವಾರ ಒಪ್ಪತ್ತು, ಅದು ಜಠರಕ್ಕೆ ವಿಶ್ರಾಂತಿಯಂತೆ. ಬುಧವಾರ ಎಣ್ಣೆ ಮುಟ್ಟದ ಅಡುಗೆಯಂತೆ. ಶುಕ್ರವಾರ ಅನ್ನದ ಬದಲು ನವಣೆ ನುಚ್ಚು, ಏಕೆಂದರೆ ಈ ಗೃಹಿಣಿಗೆ ಧಾನ್ಯ ಬದಲಿಸಿ ಉಣಿಸುವ ಶಾಸ್ತ್ರ ಗೊತ್ತಂತೆ. ನೀನಿದ್ದದ್ದು ಎರಡು ದಿನ ಕಣೆ, ಏಳು ದಿನದ ಪಟ್ಟಿ ಎಲ್ಲಿಂದ ತಂದೆ? ಬುಧವಾರ ಎಣ್ಣೆ ಇರಲಿಲ್ಲ. ಒಪ್ಪತ್ತು ಮಾಡುತ್ತಿದ್ದವರು ನಾನು ಮತ್ತು ನಮ್ಮ ಅತ್ತೆ, ಮಕ್ಕಳಿಬ್ಬರು ಎರಡು ಹೊತ್ತು ಉಣ್ಣಲಿ ಎಂದು.

"ಸಂತೆ ಮುಗಿಯುವ ಹೊತ್ತಿಗೆ ಹೋಗಿ ಅಗ್ಗಕ್ಕೆ ಕೊಳ್ಳುವ ಚಾತುರ್ಯ" ಎಂದೂ ಬರೆದಿದ್ದೀ. ಆ ಹೊತ್ತಿಗೆ ನಾನು ಹೋಗುವುದು ಗುರುತಿನವರೆಲ್ಲ ಮನೆ ಸೇರಿರುತ್ತಾರೆಂದು. ನೀನೂ ಜೊತೆಗಿದ್ದೆ. ಸೊಪ್ಪು ಮಾರುವ ತಾಜ್‌ಬೀ ಬಾಡಿದ ಕಟ್ಟುಗಳನ್ನೆಲ್ಲ ನನ್ನ ಸೆರಗಿಗೆ ಸುರಿದು, "ನಿಮ್ಮನೆ ಹಸಕ್ಕೆ ಹಾಕ್ರಮ್ಮಾ, ವಾಪಸ್ ಹೊತ್ಕೊಂಡು ಹೋಗಾಕೆ ನನ್ ಕೈಲಿ ಆಗಲ್ಲ" ಅಂದಳು. ನಮ್ಮ ಕೊಟ್ಟಿಗೆಯಲ್ಲಿ ಹಸು ಇಲ್ಲದೆ ಮೂರು ವರ್ಷವಾಯಿತು. ಅದು ಅವಳಿಗೂ ಗೊತ್ತು, ಅವಳಿಗೆ ಗೊತ್ತಿದೆಯೆಂದು ನನಗೂ ಗೊತ್ತು. ನೀನು ಅದನ್ನು "ವ್ಯಾಪಾರಿಗಳೊಡನೆ ಸ್ನೇಹ ಇಟ್ಟುಕೊಳ್ಳುವುದರ ಲಾಭ" ಎಂಬ ಸಾಲಿನ ಕೆಳಗೆ ಹಾಕಿದ್ದೀ.

ಇಷ್ಟು ಹಿಡಿದು ಹಿಡಿದು ಸಂಸಾರ ನಡೆಸುತ್ತಿದ್ದದ್ದು ಏತಕ್ಕೆಂದು ಬಾವಿಕಟ್ಟೆಯ ಹತ್ತಿರ ನಿನಗೆ ಹೇಳಿದ್ದೆ. ನೆನಪಿಲ್ಲದಿದ್ದರೆ ಇನ್ನೊಮ್ಮೆ ಹೇಳುತ್ತೇನೆ. ಬಿಳಿಚೋಡಿನಲ್ಲಿರುವ ಇವರ ಅಕ್ಕ, ದೊಡ್ಡಕ್ಕ, ಎರಡು ವರ್ಷದಿಂದ ಹೇಳಿ ಕಳಿಸುತ್ತಿದ್ದರು: "ಹಾಲಮ್ಮನ್ನ ನಮ್ಮನೆಗೆ ಕಳ್ಸು. ನಮ್ಗೆ ಎಮ್ಮೆ ಕಾಯಾಕೆ ಒಂದು ಕೈ ಆಗ್ತೈತೆ, ನಿಮ್ಗೆ ಒಂದು ಬಾಯಿ ಕಡಿಮೆ ಆಗ್ತೈತೆ." ನನ್ನ ಹಾಲಮ್ಮನಿಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಅಲ್ಲಿಗೆ ಹೋದರೆ ಓದು ಅಲ್ಲಿಗೇ ಮುಗಿಯಿತು. ನಾನು ಒಪ್ಪಿರಲಿಲ್ಲ. ಕಡೆಗೆ ಇವರು, "ಡಿಪೋ ಅಕ್ಕಿ ಸಿಗೋವರ್ಗೂ ಇಲ್ಲೇ ಇರ್ಲಿ. ಅದು ನಿಂತ್ರೆ ನನ್ ಕೈಲಿ ಆಗಲ್ಲ, ಕಳಿಸಾದೇ" ಎಂದು ಮಾತು ಮುಗಿಸಿದ್ದರು. ನನ್ನ ಮಗಳು ನನ್ನ ಹತ್ತಿರ ಉಳಿಯುವುದು ಸರ್ಕಾರಿ ಡಿಪೋದ ಒಂದು ಅಕ್ಕಿ ಚೀಟಿಯ ಮೇಲೆ ನಿಂತಿತ್ತು.

ಈಗ ಆ ಮಾತಿಗೆ ಬರುತ್ತೇನೆ. ನೀನು ನಮ್ಮ ಅತ್ತೆಯ ಪಕ್ಕ, ಒಲೆಯ ಮುಂದೆ, ಪೆನ್ಸಿಲು ಹಿಡಿದು ಕೂತು "ಮನೇಲಿ ಏನೇನೈತೆ ಬಂಗಾರಮ್ಮಾರೇ?" ಅಂತ ಕೇಳಿದೆ. ಅವರು, "ಅಕ್ಕಿ ತುಂಬೈತೆ ಕಣವ್ವಾ, ಬೇಳೆ ತುಂಬೈತೆ, ಎಣ್ಣೇನೂ ತುಂಬೈತೆ" ಅಂದರು. ನೀನು ಹಾಗೇ ಬರೆದುಕೊಂಡೆ, ಹಾಗೇ ಅಚ್ಚು ಹಾಕಿಸಿದೆ. ಒಲೆಯ ಮುಂದೆ ಧಾನ್ಯಕ್ಕೆ "ಇಲ್ಲ" ಅನ್ನಬಾರದು, ಮುಗಿದು ಹೋದರೆ "ತುಂಬೈತೆ" ಅನ್ನಬೇಕು, ಲಕ್ಷ್ಮಿ ಕೇಳಿಸಿಕೊಳ್ಳುತ್ತಾಳೆ ಎಂಬುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ನಿನಗೆ ಗೊತ್ತಿರಲಿಲ್ಲವೇ? ಚನ್ನಗಿರಿಯಲ್ಲಿ ಲಂಗ ಎತ್ತಿ ಕಟ್ಟಿಕೊಂಡು ನಮ್ಮ ಹಿತ್ತಿಲ ಬಾಗಿಲಿಗೆ ಓಡಿ ಬಂದು, "ಜೋಳದ ಹಿಟ್ಟು ತುಂಬೈತಂತೆ, ನಮ್ಮವ್ವ ಹೇಳಿದ್ಲು" ಅನ್ನುತ್ತಿದ್ದವಳು ಯಾರು? ನಮ್ಮವ್ವ ಒಂದು ಮಾತು ಕೇಳದೆ ಮೊರಕ್ಕೆ ಹಿಟ್ಟು ಸುರಿದು ಕೊಡುತ್ತಿದ್ದಳು. ಹಾಗೆ ಕೊಡುವ ಬದಲು "ಪಾಲಣ್ಣ ಮೇಷ್ಟರದು ತುಂಬಿದ ಮನೆ" ಎಂದು ಅವಳು ಊರಿಗೆಲ್ಲ ಡಂಗುರ ಹೊಡೆಸಿದ್ದರೆ ನಿಮ್ಮವ್ವನಿಗೆ ಹೇಗಾಗುತ್ತಿತ್ತು, ಯೋಚನೆ ಮಾಡು.

ಇವರನ್ನೂ ನಾನು ಬಿಡುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ ಅಂದ ಹಾಗೆ, ತಮ್ಮ ಹೆಸರು ಅಚ್ಚಾಗಿದೆಯೆಂದು ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಂಡಿಗೆ ಹೋಗಿ ನಾಲ್ಕು ಜನಕ್ಕೆ ಗಟ್ಟಿಯಾಗಿ ಓದಿ ಹೇಳಿದರು. ಆ ನಾಲ್ಕು ಜನರಲ್ಲಿ ಅಕ್ಕಿ ಡಿಪೋದ ಗುಮಾಸ್ತನೂ ಇದ್ದ. ಅವನು ದೂರದ ಊರಿನವನು, ಇಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಈ ಯುದ್ಧ ಕಾಲದಲ್ಲಿ ಮನೆಯಲ್ಲಿ ದಾಸ್ತಾನು ಇಟ್ಟವರ ಚೀಟಿ ರದ್ದು ಮಾಡಬೇಕೆಂದು ಹುಕುಂ ಬೇರೆ.

ಜ್ಯೇಷ್ಠದಲ್ಲಿ ಒಂದು ದಿನ ಪತ್ರಿಕೆ ಹಿಡಿದೇ ಮನೆಗೆ ಬಂದ. "ನೋಡಿ ಅಮ್ಮಾ, ಇದರಲ್ಲಿ ಅಚ್ಚಾಗಿದೆ. ಸುಳ್ಳಾದರೆ ಸುಳ್ಳು ಅನ್ನಿ. ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ, ಒಂದೇ ಮಾತು" ಅಂದ. ನಮ್ಮ ಅತ್ತೆ ಒಲೆ ಮುಂದಿನಿಂದ ಎದ್ದಿರಲಿಲ್ಲ. "ತುಂಬೈತಪ್ಪಾ" ಅಂದರು. ಅವನಿಗೇ ಏನೋ ಅನುಮಾನ ಬಂದು, ಗಡಿಗೆ ತೆಗೆದು ತೋರಿಸುತ್ತೀರಾ ಎಂದು ಇವರನ್ನು ಕೇಳಿದ. ಅಕ್ಕಪಕ್ಕದವರು ಅಂಗಳದಲ್ಲಿ ನಿಂತಿದ್ದರು. "ಗಡಿಗೆ ತೆಗ್ದು ತೋರ್ಸಿ ಅಕ್ಕಿ ಇಸ್ಕಳ್ಳೋ ಮನೆತನ ಅಲ್ರೀ ನಮ್ದು" ಅಂದರು ಇವರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಅವನು ಅಲ್ಲೇ ನಿಂತು ಚೀಟಿ ರದ್ದು ಎಂದು ಬರೆದುಕೊಂಡು ಹೋದ. ನಾನು ಬಾಗಿಲ ಹಿಂದೆ ನಿಂತಿದ್ದೆ ಅಂಜಿನಿ. ಇಲ್ಲ ಎನ್ನುವ ಎರಡಕ್ಷರ ನನ್ನ ಬಾಯಿಂದಲೂ ಹೊರಡಲಿಲ್ಲ. ಅದರ ಸಿಟ್ಟನ್ನೂ ನಿನ್ನ ಮೇಲೇ ಹಾಕುತ್ತಿದ್ದೇನೆ. ನ್ಯಾಯವಲ್ಲ ಅಂತ ಗೊತ್ತಿದೆ, ಆದರೂ ಹಾಕುತ್ತೇನೆ.

ಮಾರನೆಯ ದಿನ ಯಾರಿಗೂ ಹೇಳದೆ ನಾನೊಬ್ಬಳೇ ಡಿಪೋಗೆ ಹೋದೆ. ಗಂಡಸರ ಸಾಲಿನ ಪಕ್ಕ ನಿಂತು, "ನಮ್ಮನೇಲಿ ಅಕ್ಕಿ ಇಲ್ಲ, ಬೇಳೆ ಇಲ್ಲ, ಏನೂ ಇಲ್ಲ" ಎಂದು ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಆಡಿದ್ದು. ಗುಮಾಸ್ತ ನಕ್ಕ. "ನಿನ್ನೆ ತುಂಬಿತ್ತು, ಇವತ್ತು ಇಲ್ಲವೋ? ಒಂದು ದಿನದಲ್ಲಿ ಯಾರಿಗೆ ಮಾರಿದಿರಿ?" ಅಂದ. ಸಾಲಿನಲ್ಲಿದ್ದವರೂ ನಕ್ಕರು.

ಆಷಾಢದಲ್ಲಿ ದೊಡ್ಡಕ್ಕನ ಮನೆಯಿಂದ ಮತ್ತೆ ಹೇಳಿ ಕಳಿಸಿದರು. ಹಾಲಮ್ಮನನ್ನು ಬಿಳಿಚೋಡಿಗೆ ಕಳಿಸಿದೆವು. ಹೋಗಿ ಇಪ್ಪತ್ತು ದಿನವಾಯಿತು. ಮನೆಯಲ್ಲಿ ಈಗ ನಾಲ್ಕು ಜನ, ನಿನ್ನ ಲೇಖನದಲ್ಲಿ ಐದು.

ನೀನು ಮರೆತು ಬರೆದೆಯೋ, ತಿಳಿದೂ ಬರೆದೆಯೋ? ಮರೆತದ್ದಾದರೆ, ಹತ್ತು ವರ್ಷದ ಬೆಂಗಳೂರು ನಿನ್ನ ಕಿವಿಯಿಂದ ನಿಮ್ಮವ್ವನ ಮಾತನ್ನೇ ಒರೆಸಿ ಹಾಕಿತಲ್ಲ, ಥೂ. ತಿಳಿದು ಬರೆದದ್ದಾದರೆ ನಮ್ಮ ಹಸಿವನ್ನು ಚೆನ್ನಾಗಿ ಅಡುಗೆ ಮಾಡಿ ಬಡಿಸಿದ್ದೀ. ಯಾವುದು ಎಂದು ಬರೆಯಬೇಡ, ನನಗೆ ಬೇಕಾಗಿಲ್ಲ.

ನನಗೆ ಬೇಕಾದದ್ದು ಬೇರೆ. ಮುಂದಿನ ಸಂಚಿಕೆಯಲ್ಲಿ, ಅದೇ ಪುಟದಲ್ಲಿ, ನನ್ನ ಹೆಸರು ಹಾಕಿ, "ಆ ಮನೆಯಲ್ಲಿ ಅಕ್ಕಿ ಇರಲಿಲ್ಲ, ನಾನು ಬರೆದದ್ದು ತಪ್ಪು" ಎಂದು ಅಚ್ಚು ಹಾಕಿಸು. ಆ ಗುಮಾಸ್ತ ನಾನು ಹೇಳಿದ್ದನ್ನು ನಂಬುವುದಿಲ್ಲ, ಅಚ್ಚಾದದ್ದನ್ನು ನಂಬುತ್ತಾನೆ. ಚೀಟಿ ಮತ್ತೆ ಬಂದರೆ ಮಗಳು ವಾಪಸು ಬರುತ್ತಾಳೆ. ದಸರಾ ರಜೆಯವರೆಗೂ ಅವಳ ಹೆಸರನ್ನು ಹಾಜರಿಯಿಂದ ತೆಗೆಯುವುದಿಲ್ಲ ಎಂದು ಅವಳ ಮೇಷ್ಟರು ಮಾತು ಕೊಟ್ಟಿದ್ದಾರೆ. ನಮ್ಮ ಮಾನ ಹೋಗುತ್ತದೆಂದು ಅತ್ತೆಯೂ ಇವರೂ ನನ್ನನ್ನು ಬಯ್ಯುತ್ತಾರೆ, ಬಯ್ಯಲಿ. ಮನಿಯಾರ್ಡರು ಮಾತ್ರ ಕಳಿಸಬೇಡ, ಕಳಿಸಿದರೆ ಹಿಂದಕ್ಕೆ ಬರುತ್ತದೆ.

ನಿನ್ನ ಯಜಮಾನರಿಗೆ ನಮಸ್ಕಾರ. ನಿನ್ನ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಅವು ಹೊಟ್ಟೆ ತುಂಬ ಉಂಡು ನೂರು ಕಾಲ ಬಾಳಲಿ. ನಿನಗೆ ಏನೆಂದು ಹರಸಲಿ? ದೇವರು ನಿನ್ನ ಕಿವಿಯನ್ನು ನಿನಗೆ ವಾಪಸು ಕೊಡಲಿ.

ಇಂತಿ, ಒಂದು ಕಾಲಕ್ಕೆ ನಿನ್ನ ಗೆಳತಿ,
ಸರ್ವಮಂಗಳ

ತಾ.ಕ.: ಬರೆಯಬಾರದು ಎಂದಿದ್ದೆ. ಹೊರಡುವ ಹಿಂದಿನ ದಿನ ಹಾಲಮ್ಮ ನಿನ್ನ ಪತ್ರಿಕೆ ನೋಡಿಕೊಂಡು ಸ್ಲೇಟಿನ ಮೇಲೆ ಒಂದು ಪಟ್ಟಿ ಬರೆದು ತಂದಳು. ಏಳು ದಿನ, ಯಾರು ಯಾವ ಹೊತ್ತು ಏ‌ನು ಉಣ್ಣಬೇಕು ಎಂದು, ಅಜ್ಜಿ, ಅಪ್ಪ, ಅವ್ವ, ತಮ್ಮ. ಅಕ್ಷರ ದುಂಡಗಿತ್ತು. "ಇದರಾಗೆ ನಿನ್ನ ಹೆಸರೆಲ್ಲಿ?" ಎಂದು ಕೇಳಿದೆ. "ನಂಗೆ ಬ್ಯಾಡವ್ವ, ನಾನು ಇಸ್ಕೂಲಾಗೆ ನೀರು ಕುಡ್ಕೊಂತೀನಿ. ಈಗ ಎಲ್ಲಾರ್ಗೂ ಸಾಲ್ತೈತಲ್ಲ, ನನ್ನ ಕಳಿಸ್ಬ್ಯಾಡ" ಅಂದಳು. ನಾನು ಸೆರಗಿನಿಂದ ಸ್ಲೇಟು ಒರೆಸಿದೆ. ಬೆಳಿಗ್ಗೆ ನನ್ನ ಕೈಯಾರೆ ಬಸ್ಸು ಹತ್ತಿಸಿದೆ.