ಮಗ್ಗದ ಪೆಟ್ಟು ಕೇಳಿಸುವ ಕಾರ್ಡು

ಜಕ್ಕಲಿ
ಗುರುವಾರ, 17 ನವೆಂಬರ್ 2005

ಮನೆಯವರಿಗೆ ಸುಧಾರಾಣಿಯ ನಮಸ್ಕಾರ.

ನಿನ್ನೆ ರೋಣಕ್ಕೆ ಹೋಗಿ, ನೀವು ಕಳಿಸಿದ ಸಿ.ಡಿ.ಯನ್ನು ನಿಮ್ಮ ಗೆಳೆಯ ಜಹೀರನ ಕಂಪ್ಯೂಟರ್ ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಒಂದೇ ಕಥೆಯನ್ನು ಎರಡು ಸಲ ಹೇಳಿ ತುಂಬಿಸಿದ್ದೀರಿ. ಮೊದಲನೆಯದು ನಿಮ್ಮ ಹೊಸ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲೇ ಇರುವ ಸೌಂಡಿನಿಂದ, ಎರಡನೆಯದು ಜಹೀರ ಪರೀಕ್ಷೆಗೆಂದು ಕೊಟ್ಟ ಬೇರೆ ಸೌಂಡ್ ಕಾರ್ಡಿನಿಂದ. ಯಾವುದಿರಲಿ ಎಂದು ಕೇಳಿದ್ದೀರಿ. ನಾನು ತವರಿಗೆ ಬಂದ ಮೇಲೆ ನೀವು ನನ್ನನ್ನು ಕೇಳಿದ ಮೊದಲ ಮಾತು ಇದು.

ಸೀರೆಯ ಅಂಚಿನ ನಕ್ಷೆ ಬಿಡಿಸಲು ಮನೆಯಲ್ಲೇ ಕಂಪ್ಯೂಟರ್ ಜೋಡಿಸುತ್ತಿದ್ದೀರೆಂದು ಗೊತ್ತಿತ್ತು. ನಕ್ಷೆಗೆ ಧ್ವನಿ ಯಾಕೆ ಎಂದು ಜಹೀರನನ್ನು ಕೇಳಿದೆ. ಅವನು ನಕ್ಕ.

“ನಕ್ಷಾಕ್ಕಲ್ರಿ ವೈನಿ. ನೀವು ಕಾದಂಬರಿ ಓದೂದನ್ನ ತುಂಬಿಸಿಟ್ಕೊಂಡು, ನೇಯ್ಕೋತ ಕೇಳಬೇಕಂತ. ನಾ ಅಂದೆ, ಮೊದಲ ಓದಾವ್ರನ್ನ ಕರ್ಕೊಂಡ ಬಾರೋ, ಆಮ್ಯಾಲ ಕಾರ್ಡ ನೋಡೂಣು.”

ಸಂಜೆಗಳಲ್ಲಿ ನಾನು ಓದುವಾಗ ನೀವು ಒಮ್ಮೆಯೂ ಮಗ್ಗ ನಿಲ್ಲಿಸಲಿಲ್ಲ. ಗೋಡೆಗೆ ಓದಿದಂತಾಯಿತೆಂದು ಪುಸ್ತಕ ಮುಚ್ಚಿ ಬಂದವಳು ನಾನು. ಹೊರಡುವಾಗ ಅತ್ತೆಯವರು, “ಅಂವಾ ಮಗ್ಗಾ ನಿಲ್ಸಾಂವಲ್ಲವಾ. ಪೆಟ್ಟು ಕೇಳು, ತಿಳೀತೈತಿ,” ಎಂದಿದ್ದರು. ಮಗನ ಪರ ಮಾತಾಡುತ್ತಿದ್ದಾರೆ ಎಂದುಕೊಂಡೆ.

ಸಿ.ಡಿ.ಯಲ್ಲಿ ನೀವು ಹೇಳಿದ್ದು ಕೊನೆಯ ಅಧ್ಯಾಯ ಉಳಿದಿರುವಾಗಲೇ ನಾನು ಬಿಟ್ಟುಬಂದ ಕಾದಂಬರಿಯ, ಆ ಹಿಮದ ಊರಿನ ಅಂಚೆಯವನ ಕಥೆ. ಅವನ ಹೆಸರು ನಾಲಿಗೆಗೆ ಒಗ್ಗದೆ ಶಿವನಪ್ಪ ಎಂದು ಕರೆದಿದ್ದೀರಿ. ಅನುವಾದಗಳಲ್ಲಿ ಸಣ್ಣ ತಪ್ಪಿಗೂ ಪೆನ್ಸಿಲ್ ಹಿಡಿಯುವ ನಾನು ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಹೆಸರೊಂದು ಬಿಟ್ಟರೆ ಯಾವ ಘಟನೆಯೂ ಹಿಂದುಮುಂದಾಗಿಲ್ಲ, ಯಾವುದೂ ಬಿಟ್ಟುಹೋಗಿಲ್ಲ. ಇಷ್ಟು ನಿಷ್ಠೆಯ ಅನುವಾದ ನಾನು ಹೆಚ್ಚು ಕಂಡಿಲ್ಲ.

ಮೊದಲ ಸಲದ್ದರಲ್ಲಿ ಗುಂಯ್ ಎಂಬ ಸದ್ದು ಎಲ್ಲವನ್ನೂ ಮುಚ್ಚಿದೆ. ಎರಡನೆಯದರಲ್ಲಿ ಲಾಳಿ ಓಡುವುದು, ಪೆಟ್ಟು ಬೀಳುವುದು, ನಿಮ್ಮ ಉಸಿರು ಎಲ್ಲವೂ ಬೇರೆ ಬೇರೆ ಕೇಳುತ್ತವೆ. “ಶಿವನಪ್ಪ ಬಾಗಲಾ ಬಡೀಲಿಲ್ಲ. ಸಾವಿನ ಸುದ್ದಿ ಕೈಯಾಗ ಹಿಡ್ಕೊಂಡು ಹಂಗ ನಿಂತ,” ಎನ್ನುವಲ್ಲಿ ಪೆಟ್ಟು ನಿಧಾನವಾಗುತ್ತದೆ. ಅಂದು ಆ ಪುಟ ಓದಿದಾಗಲೂ ಅದು ಅಲ್ಲೇ ನಿಧಾನವಾಗಿತ್ತು. ಎಳೆ ಹರಿದಿರಬೇಕೆಂದು ನಾನು ಓದುತ್ತಲೇ ಹೋಗಿದ್ದೆ.

ಎರಡನೆಯ ಕಾರ್ಡೇ ಇರಲಿ. ಜಹೀರನಿಗೆ ಮರಳಿಸಬೇಡಿ. ಮೈಕನ್ನು ಮಗ್ಗದಿಂದ ದೂರ ಇಡಬೇಕೆಂದು ಅವನು ಹೇಳುತ್ತಾನೆ, ಕೇಳಬೇಡಿ.

ಇಂತು,
ನಿಮ್ಮ ಸುಧಾರಾಣಿ

ತಾ.ಕ.: ಆ ಕಾದಂಬರಿಯ ಕೊನೆಯ ಅಧ್ಯಾಯವನ್ನು ನಾನೂ ಓದಿಲ್ಲ. ಪುಸ್ತಕ ಜೊತೆಗೇ ಇತ್ತು, ಒಬ್ಬಳೇ ಮುಂದೆ ಹೋಗಲು ಮನಸ್ಸಾಗಲಿಲ್ಲ. ಸೋಮವಾರದ ಮೊದಲ ಬಸ್ಸಿಗೆ ಬರುವುದೆಂದು ನಿಶ್ಚಯಿಸಿದ್ದೇನೆ. ಅವ್ವನಿಗೆ ಇನ್ನೂ ಹೇಳಿಲ್ಲ, ಚೀಲವೂ ಅಟ್ಟದ ಮೇಲೇ ಇದೆ.