ಎಲ್ಲ ಬಾಣಗಳೂ ಎಡಕ್ಕೆ

ಜೂನ್ 2, ಭಾನುವಾರ

ಮತ್ತೆ ಎಡಕ್ಕೆ. ಎಲ್ಲವೂ. ಗುರಿ ಬೋರ್ಡಿನ ನಡುಭಾಗ ಹೊಸದರ ಹಾಗೇ ಉಳಿದಿದೆ, ಎಡ ಅಂಚು ಜರಡಿಯಾಗಿದೆ. ಪಕ್ಕದಲ್ಲಿ ಹೊಡೆಯುವ ಪೋಸ್ಟ್‌ಮ್ಯಾನ್ ಕೇಳಿದರು, ನಡುವಿನ ಮೇಲೆ ಏನಾದರೂ ಮುನಿಸಾ ಅಂತ. ನಕ್ಕೆ. ನಗುವುದಕ್ಕೂ ಸುಸ್ತು.

ಬಿಲ್ಲಿನದೇ ತಪ್ಪು. ಮರದ್ದು, ವಯಸ್ಸಾಗಿದೆ, ಹಿಡಿಯಿಂದ ಮೇಲಿನ ತೋಳು ತಿರುಚಿಕೊಂಡಿರಬೇಕು. ವಾರವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು ಊರವರ ಕಣ್ಣಿಗೆಲ್ಲ ಗಾಜು ಕೂರಿಸುತ್ತೇನೆ. ಭಾನುವಾರ ಬೆಳಿಗ್ಗೆ ಒಂದೇ ನನ್ನದು. ಅದೂ ಕೈಕೊಟ್ಟರೆ ಉಳಿಯುವುದೇನು... ಹೊಸ ಬಿಲ್ಲು ತಗೊಳ್ಳಬೇಕು. ಒಳ್ಳೆಯದು. ಮುದುಕಿಯಾಗುವವರೆಗೂ ಬಾಳಿಕೆ ಬರುವಂಥದ್ದು.

ಮನೆಗೆ ಬಂದರೆ ಅಮ್ಮ ಮೇಣದ ತುಂಡು ಹಿಡಿದು ಕಾಯುತ್ತಿದ್ದಳು. ಅವಳಿಗೆ ಎದುರಿನದು ಕಾಣುವುದಿಲ್ಲ, ಅಂಚಿನದಷ್ಟೇ. ಕಣ್ಣಿನ ಪರದೆ ನಡುವಲ್ಲೇ ಸವೆದಿದೆ. ಆದರೂ ಬಿಲ್ಲಿನ ದಾರಕ್ಕೆ ಮೇಣ ತಿಕ್ಕುವ ಕೆಲಸ ಯಾರಿಗೂ ಬಿಟ್ಟುಕೊಡುವುದಿಲ್ಲ. ಬಿಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಟೀವಿಗೆ ಬಯ್ಯುತ್ತಾ ತಿಕ್ಕಿದಳು.

ಜೂನ್ 6, ಗುರುವಾರ

ಬಿಲ್ಲಿನ ಬಗ್ಗೆ ಓದಿ ಓದಿ ತಲೆ ಕೆಟ್ಟಿತು. ಒಬ್ಬ ಒಳಗೆ ಬಿದಿರಿನ ಪದರ ಇರಲಿ ಅನ್ನುತ್ತಾನೆ. ಇನ್ನೊಬ್ಬನಿಗೆ ಫೈಬರ್‌ಗ್ಲಾಸ್ ಇಲ್ಲದ್ದು ಬಿಲ್ಲೇ ಅಲ್ಲ. ಉದ್ದದ್ದು ತಗೋ, ಗಿಡ್ಡದ್ದು ತಗೋ. ಎಲ್ಲರೂ ಒಪ್ಪುವ ಮಾತು ಒಂದೇ — ಎಳೆಯಲು ಕೈಲಾಗದ ತೂಕದ್ದಕ್ಕೆ ಆಸೆಪಡಬೇಡ. ನನಗೆ ಆ ಚಿಂತೆ ಇಲ್ಲ. ಮೂವತ್ತೆಂಟು ಪೌಂಡ್ ಎಳೆಯುವ ಕೈ ಇದು. ಸೊಕ್ಕು ಅಂದರೂ ಸರಿ.

ಫೋನ್ ನೋಡುತ್ತಾ ಕೂತಿದ್ದೆ. ಇವರು ಬಂದರು, ಕೈಯಲ್ಲಿ ಇನ್ನೂ ಲಿಫ್ಟ್ ರಿಪೇರಿಯ ಗ್ರೀಸ್. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು ನೋಡಿದರು.

"ಕತ್ತು ಯಾಕೆ ಹಾಗೆ ಓರೆ ಮಾಡ್ಕೊಂಡಿದ್ದೀಯ? ಥೇಟ್ ನಿಮ್ಮಮ್ಮ."

ತಮಾಷೆಗೆ ಅಂದದ್ದು. ಕತ್ತು ಹಿಡಿದಿದೆ ಅಂದೆ. ಪಾಪ, ತಮ್ಮ ದಿಂಬು ಕೊಟ್ಟು ನನ್ನದನ್ನು ತಾವು ತಗೊಂಡರು.

ಜೂನ್ 15, ಶನಿವಾರ

ಅರ್ಧ ದಿನ ರಜೆ ಹಾಕಿ ಬಿಲ್ಲಿನ ಅಂಗಡಿಗೆ ಹೋದೆ. ಅಂಗಡಿಯಾಕೆ ನನ್ನ ವಯಸ್ಸಿನವರೇ, ಮಾತು ಖಡಕ್ಕು. ಮೊದಲು ಹಳೇ ಬಿಲ್ಲು ತೋರಿಸಿ ಅಂದರು. ದಾರದ ನೇರಕ್ಕೆ ಕಣ್ಣಿಟ್ಟು ಮೇಲಿಂದ ಕೆಳಗೆ ನೋಡಿದರು. ದಾರ ತೋಳುಗಳ ನಟ್ಟನಡುವೆಯೇ ಇದೆಯಂತೆ. ತಿರುಚಿಲ್ಲ, ಬಿರುಕಿಲ್ಲ. ನನ್ನ ಮುಖ ಬಾಡಿದ್ದು ಅವರಿಗೆ ಕಂಡಿರಬೇಕು. ಬಿಲ್ಲು ಚೆನ್ನಾಗಿದೆ ಅಂದರೆ ಯಾರಾದರೂ ಬೇಜಾರು ಮಾಡಿಕೊಳ್ಳುತ್ತಾರಾ!

ಆದರೂ ಹೊಸದು ಬೇಕು ಅಂದೆ. ಹಿತ್ತಿಲಲ್ಲಿ ಹೊಡೆದು ನೋಡಲು ಕೊಟ್ಟರು. ವಾಲ್‌ನಟ್ ಮರದ ಹಿಡಿಯದು — ಅಂಗೈಯಲ್ಲಿ ಎಷ್ಟು ಚೆನ್ನಾಗಿ ಕೂತಿತು! ಎಡಕ್ಕೆ. ಇನ್ನೊಂದು, ಉದ್ದದ್ದು, ಎಳೆಯುವಾಗ ಬೆಣ್ಣೆ. ಎಡಕ್ಕೆ. ಮೂರನೆಯದನ್ನು ಮುಟ್ಟಲೂ ಇಲ್ಲ. ಅಲ್ಲಿಗೆ ಆಕೆ ಎದುರು ಬಂದು ನಿಂತರು. ಎರಡೂ ಅಂಗೈ ಮುಂದೆ ಚಾಚಿ ನಡುವೆ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ತಮ್ಮ ಮೂಗು ನೋಡುತ್ತಾ, ಹಾಗೇ ಕೈ ಮುಖಕ್ಕೆ ತರಲು ಹೇಳಿದರು. ಈ ಪರೀಕ್ಷೆ ನನಗೂ ಗೊತ್ತು. ಗುರಿ ಹಿಡಿಯುವ ಕಣ್ಣಿನ ಕಡೆಗೇ ಕೈ ಬರುತ್ತದೆ. ಬಿಲ್ವಿದ್ಯೆ ಶುರು ಮಾಡಿದಾಗ ನನ್ನ ಕೈ ಬಲಗಣ್ಣಿಗೆ ಬಂದಿತ್ತು.

ಇವತ್ತು ಎಡಗಣ್ಣಿಗೆ ಬಂತು.

ಎಡಗಣ್ಣಿನವರು ಬಲಗಣ್ಣಿನ ಬಿಲ್ಲು ಹಿಡಿದರೆ ಬಾಣ ಎಡಕ್ಕೇ ಹೋಗೋದು ಅಂದರು. ಮೊದಲು ನನ್ನದು ಬಲಗಣ್ಣೇ ಆಗಿತ್ತು ಅಂದೆ. ಆಕೆ ಬಿಲ್ಲುಗಳನ್ನು ಎತ್ತಿ ಗೋಡೆಗೆ ಒರಗಿಸಿದರು.

"ಕಣ್ಣು ಸುಮ್‌ಸುಮ್ನೆ ಪಕ್ಷ ಬದಲಾಯಿಸಲ್ಲ ಮೇಡಂ. ತೋರಿಸ್ಕೊಳ್ಳಿ."

ಏನೂ ತಗೊಳ್ಳದೆ ಬಂದೆ. ಮನೆಯಲ್ಲಿ, ಒಂದೂ ಇಷ್ಟವಾಗಲಿಲ್ಲ ಅಂದೆ.

ಜೂನ್ 27, ಗುರುವಾರ

ಬರೆಯಲಿಲ್ಲ. ಬರೆದರೆ ನಿಜ ಆಗಿಬಿಡುತ್ತೆ ಅಂತ.

ಕಣ್ಣು ಪರೀಕ್ಷಿಸುವ ಕಾರ್ಡು ನಮ್ಮ ಅಂಗಡಿಯ ಡ್ರಾಯರಿನಲ್ಲೇ ಇದೆ. ಚೌಕಳಿ ಗೆರೆ, ನಡುವೆ ಒಂದು ಚುಕ್ಕಿ. ವಯಸ್ಸಾದ ಗಿರಾಕಿಗಳಿಗೆ ನಾನೇ ತೋರಿಸುವುದು — ಒಂದು ಕಣ್ಣು ಮುಚ್ಚಿ, ಚುಕ್ಕಿ ನೋಡಿ, ಗೆರೆ ನೇರ ಇದೆಯಾ? ಊಟದ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಎಡಗಣ್ಣು ಮುಚ್ಚಿ ಹಿಡಿದೆ. ಚುಕ್ಕಿಯ ಸುತ್ತ ಗೆರೆಗಳು ಒದ್ದೆ ಕಾಗದದ ಹಾಗೆ ಸೊಟ್ಟ. ಚುಕ್ಕಿಯೇ ಇಲ್ಲ.

ಭಯ ಆಗುತ್ತಿದೆ. ಅಮ್ಮನಿಗೆ ಶುರುವಾದದ್ದೂ ಹೀಗೇ ಇರಬೇಕು. ಕಣ್ಣಿನ ಡಾಕ್ಟರು ವಾರಕ್ಕೆ ಎರಡು ಸಲ ನಮ್ಮ ಅಂಗಡಿಗೇ ಬರುತ್ತಾರೆ, ನಾನೇ ಅವರಿಗೆ ಟೀ ಕೊಡುವುದು. ಅವರಿಗೂ ಹೇಳಲಿಲ್ಲ.

ಜೂನ್ 29, ಶನಿವಾರ

ತಗೊಂಡೆ. ಎಡಗಣ್ಣಿನವರ ಬಿಲ್ಲು. ಬಲಗೈಲಿ ಹಿಡಿದು ಎಡಗೈಲಿ ಎಳೆಯುವುದು. ಆಸ್ಪತ್ರೆಗೆ ಹೋಗುವ ಧೈರ್ಯ ಇಲ್ಲ, ಬಿಲ್ಲಿನ ಅಂಗಡಿಗೆ ಹೋಗುವುದಕ್ಕೆ ಮಾತ್ರ ಇದೆ...

ಅಂಗಡಿಯಾಕೆ ಕಣ್ಣಿನ ಸುದ್ದಿ ಎತ್ತಲಿಲ್ಲ. ಹಿಡಿ ಮಾತ್ರ ಒಳ್ಳೆಯದೇ ತಗೊಳ್ಳಿ ಅಂದರು. ತೋಳುಗಳನ್ನು ಬಿಚ್ಚಿ ಬದಲಾಯಿಸಬಹುದು. ಈಗ ಹಗುರದ್ದು, ಹೊಸ ಕೈ ಪಳಗಿದ ಮೇಲೆ ಭಾರದ್ದು. ವಾಲ್‌ನಟ್ ಹಿಡಿಯೇ ಸಿಕ್ಕಿತು, ಆದರೆ ತೋಳು ಇಪ್ಪತ್ತು ಪೌಂಡಿನದು. ಸ್ಕೂಲ್ ಮಕ್ಕಳು ಎಳೆಯುವುದು. ಸೊಕ್ಕೆಲ್ಲ ಇಳಿಯಿತು.

ಹೊಸದು ಬಂತಂತೆ, ಕೊಡು, ಅಂತ ಅಮ್ಮ ಕೈ ಚಾಚಿದಳು. ತೊಡೆಯ ಮೇಲೆ ಮಲಗಿಸಿಕೊಂಡಳು. ಮರ ನುಣುಪಾಗಿದೆ ಅಂದಳು. ಅವಳ ಹೆಬ್ಬೆರಳು ಹಿಡಿಯ ಮೇಲೆ ಹಳೇ ಬಿಲ್ಲಿನಲ್ಲಿದ್ದ ಗುರುತಿನ ತಗ್ಗು ಹುಡುಕಿತು. ಸಿಗಲಿಲ್ಲ. ಬಾಣ ಕೂರುವ ಜಾಗ ಸವರಿದಳು. ಅದೂ ಹಳೆಯದರಲ್ಲಿ ಇದ್ದ ಕಡೆಯಲ್ಲ, ಆಚೆ ಪಕ್ಕ. ನಾನು ಟೀವಿಯ ಸೌಂಡ್ ಜಾಸ್ತಿ ಮಾಡಿದೆ.

"ಅದನ್ನ ಆರಿಸು. ಯಾವ ಕಣ್ಣು?"

ಇವರು ಅಡುಗೆಮನೆಯಿಂದ ಇಣುಕಿದರು. ಸುಳ್ಳು ಹೇಳುವುದಕ್ಕೂ ತ್ರಾಣ ಇರಲಿಲ್ಲ. ಬಲಗಣ್ಣು ಅಂದೆ.

ಅಮ್ಮ ಅಳಲಿಲ್ಲ, ಬಯ್ಯಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿದಳು. ಅಂದರೆ ನನ್ನನ್ನೇ ನೋಡುತ್ತಿದ್ದಳು.

"ನಾನೂ ದೀಪ ಸರಿಯಿಲ್ಲ, ದೀಪ ಸರಿಯಿಲ್ಲ ಅಂತ ಮನೆಯ ಬಲ್ಬೆಲ್ಲ ಬದಲಾಯಿಸಿದೆ. ಆಸ್ಪತ್ರೆಗೆ ಹೋಗೋ ಹೊತ್ತಿಗೆ, ಮೊದಲೇ ಬಂದಿದ್ರೆ ಅಂದ್ರು. ಆ ಮಾತು ನೀನು ಕೇಳಬಾರದು. ಸೋಮವಾರ ಹೋಗೋಣ. ನಾನೂ ಬರ್ತೀನಿ."

ಇವರು ಬಂದು ಪಕ್ಕದಲ್ಲಿ ಕೂತರು. ದಿಂಬು ಬದಲಾಯಿಸಿದ್ದನ್ನು ನೆನೆದು ನಾಚಿಕೆಯಾಯಿತಂತೆ, ಅವರಿಗೆ. ಆಗ ನಾನು ಅತ್ತುಬಿಟ್ಟೆ.

ಜೂನ್ 30, ಭಾನುವಾರ

ಹತ್ತಿರದ ಸಾಲಿನಲ್ಲಿ, ಮಕ್ಕಳ ಪಕ್ಕ ನಿಂತೆ. ಎಡಗೈಗೆ ಏನೂ ಬರುವುದಿಲ್ಲ, ದಾರ ಬಿಡುವುದೂ ಮರೆತ ಹಾಗೆ. ಭುಜ ಸಿಡಿಯುತ್ತಿದೆ. ಪೋಸ್ಟ್‌ಮ್ಯಾನ್ ನೋಡಿದರು, ತಮಾಷೆ ಮಾಡಲಿಲ್ಲ, ನನ್ನ ಬಾಣ ತಾವೇ ಕಿತ್ತು ತಂದುಕೊಟ್ಟರು.

ಎಲ್ಲ ಬಾಣವೂ ಕೆಳಗೆ. ತೀರಾ ಕೆಳಗೆ. ಆದರೆ ನಡುವಿನ ನೇರಕ್ಕೇ.

ಜುಲೈ 1, ಸೋಮವಾರ, ಬೆಳಿಗ್ಗೆ

ಆಸ್ಪತ್ರೆಯ ಬೆಂಚು. ಡಾಕ್ಟರು ಒಮ್ಮೆ ನೋಡಿದರು. ಕಣ್ಣಿಗೆ ಇಂಜೆಕ್ಷನ್ ಕೊಡಬೇಕಾಗಬಹುದಂತೆ. ಹೋದದ್ದು ವಾಪಸ್ ಬರುತ್ತೆ ಅನ್ನುವ ಭರವಸೆ ಇಲ್ಲ, ಇರುವುದನ್ನು ಹಿಡಿದಿಡಬಹುದು. ಇನ್ನೂ ಒಳಗೆಲ್ಲ ನೋಡಬೇಕು ಅಂತ ಎರಡೂ ಕಣ್ಣಿಗೆ ಹನಿ ಹಾಕಿ ಕೂರಿಸಿದ್ದಾರೆ. ಅಕ್ಷರಗಳು ಕರಗುತ್ತಿವೆ. ಸಾಲು ಎತ್ತ ಹೋಗುತ್ತಿದೆಯೋ ಗೊತ್ತಿಲ್ಲ.

ಅಮ್ಮನ ಕೈಚೀಲದಲ್ಲಿ ಮೇಣದ ತುಂಡು ಇದೆ. ಆಸ್ಪತ್ರೆಗೆ ಇದ್ಯಾಕೆ ಅಂದರೆ, ಸಂಜೆ ಹೊಸ ದಾರಕ್ಕೆ ತಿಕ್ಕಬೇಕಲ್ಲ, ಮರೆತುಬಿಟ್ಟರೆ ಅಂತಾಳೆ.

ಕರೆಯುತ್ತಿದ್ದಾರೆ. ಅಮ್ಮ ಆಗಲೇ ಎದ್ದಳು. ಬಾ, ಕೈ ಹಿಡ್ಕೋ ಅಂತಿದ್ದಾಳೆ. ಇಬ್ಬರಿಗೂ ಬಾಗಿಲು ನೆಟ್ಟಗೆ ಕಾಣುತ್ತಿಲ್ಲ. ಯಾರು ಯಾರನ್ನ ಕರ್ಕೊಂಡು