ಕುರಿಯ ತಲೆಗೆ ಉಪ್ಪು ಕಮ್ಮಿ

ಉತ್ತರ ಅಲ್ಬೇನಿಯಾದ ಬೆಟ್ಟಸೀಮೆ, ನವೆಂಬರ್ ೧೯೪೮

ಅತ್ತೆ, ಹೇಸರಗತ್ತೆಯ ಮೇಲೆ ಕೂತು ಕ್ಷೇಮವಾಗಿ ತಲುಪಿದೆ. ನಿನ್ನೆ ನಾನು ಸಮಾನ ಹಕ್ಕಿನ ಭಾಷಣ ಮಾಡಿದರೆ, ಬೆಂಚು ಖಾಲಿಯಿದ್ದರೂ ಇಲ್ಲಿನ ಹೆಂಗಸರು ಗೋಡೆಗೆ ಒರಗಿ ನಿಂತೇ ಕೇಳಿದರು. ಸಂಸತ್ ಸದಸ್ಯೆ ಅಂತ ಊಟಕ್ಕೆ ನನ್ನೊಬ್ಬಳನ್ನು ಗಂಡಸರ ಜೊತೆ ಕೂರಿಸಿ, ಬೇಯಿಸಿದ ಕುರಿಯ ತಲೆಯನ್ನು ಮುಂದಿಟ್ಟರು. ಅದು ಮುಖ್ಯ ಅತಿಥಿಯ ಪಾಲು, ಹೆಂಗಸರು ರುಚಿ ಕೂಡ ನೋಡುವಂತಿಲ್ಲ. ಆದರೆ ಅತಿಥಿಯೇ ಕೊಟ್ಟರೆ ಯಾರೂ ಬೇಡವೆನ್ನುವಂತಿಲ್ಲ. ಬಾಗಿಲಲ್ಲಿ ನಿಂತಿದ್ದ ಮನೆಯೊಡತಿ ಪ್ರೆಂದಾಳನ್ನು ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಕೊಟ್ಟೆ. ಆಕೆಯ ಗಂಡ ತೋಮನ ಮುಖ ಕೆಂಪಾಯಿತು.

ಮುದುಕಿ ಪ್ರೆಂದಾ ಒಂದು ತುತ್ತು ಅಗಿದು ಅವನ ಕಡೆ ತಿರುಗಿದಳು. "ಅಯ್ಯೋ, ಉಪ್ಪೇ ಇಲ್ವಲ್ರೀ! ಮದುವೆಯಾದಾಗಿಂದ ಬೇಯ್ಸಿ ಕಳಿಸ್ತಿದೀನಿ, ತಿಂದೋರು ಒಬ್ರಾದ್ರೂ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಬಂದೋರು ಅಡುಗೆಗೆ ಹೆಸರಿಡ್ತಾರೇನೇ?" ಅಂದ ತೋಮ. ಉಪ್ಪಿನ ಬಟ್ಟಲನ್ನು ಮಾತ್ರ ಅವನೇ ಎದ್ದು ತಂದ.

ಮಂಡಿನೋವು ಇಳಿದಿದೆ, ನೀವು ಹೆಣೆದ ಉಣ್ಣೆ ಕಾಲುಚೀಲದ ಪುಣ್ಯ. ಸಭೆಗೆ ಕರೆಯುತ್ತಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ: ಪ್ರೆಂದಾ ಮುಂದಿನ ಬೆಂಚಿನಲ್ಲಿ ಕೂತಿದ್ದಾಳೆ, ಉಳಿದ ಹೆಂಗಸರೂ ಕೂತುಬಿಟ್ಟಿದ್ದಾರೆ. ಗೋಡೆಗೆ ಒರಗಿರುವವರು ಇವತ್ತು ಗಂಡಸರು.

ಸೊಸೆ, ಒಲಿಂಬಿ